ಹಾಯಿಯ ಮಾತು, ಹೊಳೆಯ ಮಾತು

ಕಳಸ, ಸಂಸೆಯ ಕಡೆಯವರಿಗೆ ಮೊದಲು ಒಂದು ಪ್ರಶ್ನೆ. ಬೆಳಗಾದರೆ ಕಣ್ಣಿಗೆ ಬೀಳುವ ಆ ದೊಡ್ಡ ಬೆಟ್ಟಕ್ಕೆ ಕುದುರೆಮುಖ ಎಂಬ ಹೆಸರನ್ನು ಯಾವ ಕಡೆಯಿಂದ ನೋಡಿ ಇಟ್ಟಿರಬಹುದು? ಹಳೆಯ ಮೈಸೂರು ಗೆಜೆಟಿಯರು ಹೇಳುವ ವಿವರಣೆ ಸ್ವಾರಸ್ಯವಾಗಿದೆ. ಸಮುದ್ರದ ಕಡೆಯಿಂದ ನೋಡಿದರೆ ಬೆಟ್ಟ ಕುದುರೆಯ ಮೋರೆಯ ಹಾಗೆ ಕಾಣುತ್ತದೆ, ಹಡಗಿನವರಿಗೆ ಅದೊಂದು ಗುರುತು, ಎಂದು. ಸುಮಾರು 1,890 ಮೀಟರ್ ಎತ್ತರದ ಶಿಖರ. ಪಶ್ಚಿಮಕ್ಕೆ ಕಡಿದಾಗಿ ಇಳಿದುಬಿಡುತ್ತದೆ. ಮಂಗಳೂರಿನ ಕಡೆಗೆ ಬರುತ್ತಿದ್ದ ನಾವಿಕ ಅದನ್ನು ನೋಡಿ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತಿದ್ದ. ನಾವು ಮಳೆ, ಜಿಗಣೆ, ಕಾಫಿ, ಏಲಕ್ಕಿ ಎಂದುಕೊಂಡು ಬದುಕಿದ ಬೆಟ್ಟ ಕಡಲಿನವರ ಲೆಕ್ಕದಲ್ಲೂ ಇತ್ತು.

ಇಂಥ ಗುರುತಿಗೆ ಇಂಗ್ಲಿಷಿನಲ್ಲಿ ‘ಲ್ಯಾಂಡ್‌ಮಾರ್ಕ್’ ಎನ್ನುತ್ತಾರೆ. ಮೊದಲು ಅದು ಹೊಲದ ಎಲ್ಲೆಕಲ್ಲಿನ ಹೆಸರಾಗಿತ್ತು. ನಾವಿಕರ ಬಾಯಿಗೆ ಬಿದ್ದ ಮೇಲೆ ದಡದ ಬೆಟ್ಟ, ಗೋಪುರಗಳಿಗೆ ಬಂತು. ಈಗ ‘ಲ್ಯಾಂಡ್‌ಮಾರ್ಕ್ ಜಡ್ಜ್‌ಮೆಂಟ್’ ಎಂದು ನ್ಯಾಯಾಲಯದ ತೀರ್ಪಿಗೂ ಅದೇ ಮಾತು. ಪದಗಳ ಪ್ರಯಾಣವೆಂದರೆ ಹೀಗೆ. ಇವತ್ತು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಹಡಗು ಮತ್ತು ದೋಣಿಯಿಂದ ಇಳಿದು ಬಂದ ನುಡಿಗಟ್ಟುಗಳನ್ನು ಕುರಿತು. ಇಂಗ್ಲಿಷಿನವು ಕೆಲವು, ನಮ್ಮವು ಕೆಲವು.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ಮೂಡಿಗೆರೆಯ ಸೀಮೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಹೇಳಿದವನು ನಾನು. ಕನ್ನಡ ಮಾಧ್ಯಮದಲ್ಲಿ ಓದಿ, ತೋಟದ ಲೈನ್ ಮನೆಗಳಿಂದಲೋ ದೂರದ ಒಂಟಿ ಮನೆಗಳಿಂದಲೋ ನಡೆದು ಬರುವ ಮಕ್ಕಳು ವ್ಯಾಕರಣಕ್ಕೆ ಹೆದರುವುದಿಲ್ಲ. ಅವರು ಕಂಗೆಡುವುದು ನುಡಿಗಟ್ಟಿನ ಮುಂದೆ. ‘ಟೇಕನ್ ಅಬ್ಯಾಕ್’ ಎಂದರೆ ಹಿಂದಕ್ಕೆ ತೆಗೆದುಕೊಂಡು ಹೋದದ್ದು ಯಾರನ್ನು? ‘ಬೈ ಅಂಡ್ ಲಾರ್ಜ್’ ಎಂಬಲ್ಲಿ ದೊಡ್ಡದಾದದ್ದು ಏನು? ಒಂದೊಂದು ಪದದ ಅರ್ಥವೂ ಗೊತ್ತು, ಕೂಡಿಸಿದರೆ ಅರ್ಥವಾಗುವುದಿಲ್ಲ. ಆಗ ಗೈಡ್ ಪುಸ್ತಕದ ಪಟ್ಟಿಯನ್ನು ಉರು ಹೊಡೆಯುವುದು, ಪರೀಕ್ಷೆಯ ಮರುದಿನ ಮರೆಯುವುದು. ಕೊನೆಗೆ ‘ಇಂಗ್ಲಿಷ್ ನಮ್ಮ ತಲೆಗೆ ಹತ್ತುವುದಲ್ಲ’ ಎಂದು ತೀರ್ಮಾನ ಮಾಡಿಕೊಂಡು, ಸಂದರ್ಶನದಲ್ಲಿ ಬಾಯಿ ಬಿಡದೆ ಕೂತು ಎದ್ದು ಬರುವುದು. ಜಾಣ ಮಕ್ಕಳು ಹೀಗೆ ಕೆಲಸ ಕಳೆದುಕೊಂಡದ್ದನ್ನು ನಾನು ಬಲ್ಲೆ. ಆ ಮಾತು ಯಾವ ಹಡಗಿನಿಂದ ಇಳಿದು ಬಂತು ಎಂದು ಯಾರಾದರೂ ಐದು ನಿಮಿಷ ಹೇಳಿದ್ದರೆ ಸಾಕಿತ್ತು.

ಇಂಗ್ಲೆಂಡು ಒಂದು ದ್ವೀಪ. ಅದರ ವ್ಯಾಪಾರ, ಯುದ್ಧ, ಸಾಮ್ರಾಜ್ಯ ಎಲ್ಲವೂ ಕೆಲವು ಶತಮಾನಗಳ ಕಾಲ ಹಾಯಿಹಡಗಿನ ಮೇಲೆ ನಡೆದವು. ಹಡಗಿಗೆ ಎಂಜಿನ್ ಇಲ್ಲ, ಗಾಳಿಯೇ ಎತ್ತು, ಗಾಳಿಯೇ ಕುದುರೆ. ಹೀಗಾಗಿ ನಾವಿಕನಿಗೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂಬುದೇ ಬದುಕು. ‘ಟೇಕನ್ ಅಬ್ಯಾಕ್’ ಅಲ್ಲಿಯದು. ಹಡಗು ಗಾಳಿಗೆ ಹಾಯಿ ಒಡ್ಡಿಕೊಂಡು ಮುಂದೆ ಸಾಗುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ಗಾಳಿ ದಿಕ್ಕು ಬದಲಿಸಿ ಎದುರಿನಿಂದ ಹೊಡೆಯುತ್ತದೆ. ಹಾಯಿಗಳೆಲ್ಲ ಹಿಂದಕ್ಕೆ ಮಡಚಿ ಪಟಗಂಬಕ್ಕೆ ಅಪ್ಪಳಿಸಿಕೊಳ್ಳುತ್ತವೆ. ಹಡಗು ನಿಂತಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೇ ಸರಿಯುತ್ತದೆ, ಕಂಬ ಮುರಿದರೂ ಮುರಿಯಿತು. ಆ ಒಂದು ಗಳಿಗೆಯ ದಿಗ್ಭ್ರಮೆಯೇ ‘ಟೇಕನ್ ಅಬ್ಯಾಕ್’. ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರದ ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನ ಮೇಲಿದ್ದ ಗಾಳಿ ಚಾರ್ಮಾಡಿಯ ಕಡೆಯಿಂದ ತಿರುಗಿ ಬೀಸಿತೆಂದರೆ ಕೊಡೆ ತಲೆಕೆಳಗಾಗಿ, ಕಡ್ಡಿಗಳು ಆಕಾಶ ನೋಡುತ್ತ, ಹಿಡಿದವರು ಎರಡು ಹೆಜ್ಜೆ ಹಿಂದೆ. ಕನ್ನಡದಲ್ಲಿ ನಾವು ‘ತಬ್ಬಿಬ್ಬಾದ’ ಎನ್ನುತ್ತೇವೆ, ಇಂಗ್ಲಿಷಿನವನು ಹಾಯಿ ಮಡಚಿಕೊಂಡಿತು ಎನ್ನುತ್ತಾನೆ. ಅಷ್ಟೇ ವ್ಯತ್ಯಾಸ.

‘ಬೈ ಅಂಡ್ ಲಾರ್ಜ್’ ಕೂಡ ಗಾಳಿಯದೇ. ಗಾಳಿ ಬರುವ ದಿಕ್ಕಿಗೆ ಆದಷ್ಟು ಹತ್ತಿರವಾಗಿ ಹಡಗನ್ನು ನಡೆಸುವುದು ‘ಬೈ’. ಗಾಳಿ ಹಿಂದಿನಿಂದ ಧಾರಾಳವಾಗಿ ತಳ್ಳುತ್ತಿರುವುದು ‘ಲಾರ್ಜ್’. ಎರಡು ಬಗೆಯಲ್ಲೂ ಚೆನ್ನಾಗಿ ಸಾಗುವ ಹಡಗು ಒಳ್ಳೆಯ ಹಡಗು. ಅದರಿಂದ ‘ಒಟ್ಟಾರೆ’, ‘ಎಲ್ಲ ರೀತಿಯಲ್ಲೂ ನೋಡಿದರೆ’ ಎಂಬ ಅರ್ಥ ಬಂತು. ‘ಲೀವೇ’ ಎಂದರೆ ಗಾಳಿಯ ಒತ್ತಡಕ್ಕೆ ಹಡಗು ಪಕ್ಕಕ್ಕೆ ಜಾರುವ ದೂರ. ಜಾಣ ನಾವಿಕ ಆ ಜಾರಾಟಕ್ಕೆ ಜಾಗ ಬಿಟ್ಟುಕೊಂಡೇ ದಾರಿ ಹಿಡಿಯುತ್ತಾನೆ. ಇನ್ನು ‘ನೋ ದ ರೋಪ್ಸ್’. ದೊಡ್ಡ ಹಾಯಿಹಡಗಿನಲ್ಲಿ ಹಗ್ಗಗಳು ಲೆಕ್ಕವಿಲ್ಲದಷ್ಟು, ಒಂದೊಂದಕ್ಕೂ ಒಂದು ಹೆಸರು. ಕತ್ತಲಲ್ಲಿ, ಬಿರುಗಾಳಿಯಲ್ಲಿ ಸರಿಯಾದ ಹಗ್ಗಕ್ಕೇ ಕೈ ಹಾಕಬೇಕು. ಹಾಗೆ ಬಲ್ಲವನು ಪಳಗಿದವನು.

‘ಫಸ್ಟ್ ರೇಟ್’ ಎಂಬ ಮಾತನ್ನು ಕಾಫಿ ಬೆಳೆಗಾರರು ಧಾರಾಳವಾಗಿ ಬಳಸುತ್ತಾರೆ: ‘ಈ ಸಲ ಹೂಮಳೆ ಫಸ್ಟ್ ರೇಟ್.’ ಬ್ರಿಟಿಷ್ ನೌಕಾಪಡೆಯಲ್ಲಿ ಯುದ್ಧದ ಹಡಗುಗಳನ್ನು ಫಿರಂಗಿಗಳ ಸಂಖ್ಯೆಯ ಮೇಲೆ ದರ್ಜೆ ಮಾಡುತ್ತಿದ್ದರು. ನೂರು ಮತ್ತು ಅದಕ್ಕಿಂತ ಹೆಚ್ಚು ಫಿರಂಗಿ ಇದ್ದರೆ ಮೊದಲ ದರ್ಜೆ. 1805ರಲ್ಲಿ ಟ್ರಾಫಲ್ಗರ್ ಕದನದಲ್ಲಿ ನೆಲ್ಸನ್ ಇದ್ದ ‘ವಿಕ್ಟರಿ’ ಅಂಥದ್ದು. ಇಲ್ಲೇ ಇನ್ನೊಂದು ಮಾತು. ಆ ಕಾಲದ ಒಂದು ಹಡಗು, ‘ಟ್ರಿಂಕೋಮಲಿ’, ದರ್ಜೆಯಲ್ಲಿ ಚಿಕ್ಕದಾದರೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಅದನ್ನು 1817ರಲ್ಲಿ ಮುಂಬಯಿಯಲ್ಲಿ ಕಟ್ಟಿದ್ದು, ಮಲಬಾರಿನ ತೇಗದಿಂದ. ನಮ್ಮ ಪಶ್ಚಿಮಘಟ್ಟದ ಮರ ಅಲ್ಲಿಯ ನೀರಿನ ಮೇಲೆ ಇನ್ನೂರು ವರ್ಷ ಬಾಳಿದೆ.

ಹಾಯಿಯ ಕಾಲ ಮುಗಿದುಹೋಯಿತು, ಈ ಮಾತುಗಳನ್ನೇಕೆ ಕಲಿಯಬೇಕು ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ನಾನು ಅವನ ಮೊಬೈಲ್ ಫೋನನ್ನೇ ತೋರಿಸಿದೆ. ದಿನಕ್ಕೆ ಹತ್ತು ಸಲ ‘ಲಾಗಿನ್’ ಆಗುತ್ತಾನಲ್ಲ, ಆ ‘ಲಾಗ್’ ಎಂದರೇನು? ಮರದ ತುಂಡು. ಹಡಗಿನ ವೇಗ ತಿಳಿಯಲು ನಾವಿಕರು ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಹಗ್ಗದಲ್ಲಿ ಅಳತೆಯಂತೆ ಗಂಟುಗಳು. ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸುವುದು. ಅದಕ್ಕೇ ಹಡಗಿನ ವೇಗಕ್ಕೆ ಇಂದಿಗೂ ‘ನಾಟ್’, ಅಂದರೆ ಗಂಟು, ಎಂಬ ಅಳತೆ. ಲೆಕ್ಕವನ್ನು ಬರೆದಿಟ್ಟ ಪುಸ್ತಕ ‘ಲಾಗ್‌ಬುಕ್’. ಅದು ದಡಕ್ಕೆ ಬಂದು ಸರ್ಕಾರಿ ಜೀಪಿನ ಡ್ಯಾಷ್‌ಬೋರ್ಡ್ ಸೇರಿತು, ಅಲ್ಲಿಂದ ಕಂಪ್ಯೂಟರಿಗೆ ಹೋಯಿತು. ನೆಟ್‌ವರ್ಕ್ ಸಿಗದ ಬೆಟ್ಟದ ಮೂಲೆಯಲ್ಲಿ ಫೋನನ್ನು ಮೇಲಕ್ಕೆತ್ತಿ ‘ಲಾಗಿನ್ ಆಗ್ತಾ ಇಲ್ಲ’ ಎನ್ನುವ ಹುಡುಗ, ತಿಳಿಯದೆಯೇ, ನೀರಿಗೆ ಮರದ ತುಂಡು ಎಸೆಯುತ್ತಿದ್ದಾನೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಡಗಿನ ಕಥೆ ರುಚಿಯಾಗಿರುತ್ತದೆ ಎಂದು ಎಲ್ಲವನ್ನೂ ನಂಬಬಾರದು. ‘ಪೋಶ್’ ಎಂಬ ಮಾತಿನ ಕಥೆ ಪ್ಲಾಂಟರುಗಳ ಬಂಗಲೆಗಳಲ್ಲಿ ಬಹಳ ಜನಪ್ರಿಯ. ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಬರುವಾಗ ಹಡಗಿನ ಎಡಬದಿಯ ಕೋಣೆಗೆ, ಹಿಂತಿರುಗುವಾಗ ಬಲಬದಿಯದಕ್ಕೆ ಬಿಸಿಲು ಕಡಿಮೆ. ಸಿರಿವಂತರು ಹೆಚ್ಚು ಹಣ ತೆತ್ತು ಆ ಕೋಣೆಗಳನ್ನೇ ಹಿಡಿಯುತ್ತಿದ್ದರು. ಅವರ ಟಿಕೆಟ್ಟಿನ ಮೇಲೆ ನಾಲ್ಕು ಅಕ್ಷರದ ಮುದ್ರೆ ಒತ್ತುತ್ತಿದ್ದರು ಎಂದು. ಅಂಥ ಮುದ್ರೆ ಬಿದ್ದ ಒಂದು ಟಿಕೆಟ್ಟೂ ಇದುವರೆಗೆ ಸಿಕ್ಕಿಲ್ಲ. ನಿಘಂಟುಕಾರರು ಈ ಕಥೆಯನ್ನು ಒಪ್ಪುವುದಿಲ್ಲ.

ಹಾಯಿ ಹೋಗಿ ಅದರ ಮಾತು ಉಳಿದದ್ದು ವಿಚಿತ್ರವೆನಿಸಿದರೆ, ನಮ್ಮ ಕಾಫಿಯ ಕಥೆಯನ್ನೇ ನೋಡಬಹುದು. ಅಲ್ಲೂ ಇದೇ ನಡೆದಿದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ನಾವೆಲ್ಲ ಕೇಳಿ ಬೆಳೆದ ಐತಿಹ್ಯ. ಬಂದದ್ದು ಕಡಲು ದಾಟಿ. ಆಮೇಲೆ ಇಲ್ಲಿಯ ಕಾಫಿ ಘಟ್ಟ ಇಳಿದು, ಮಂಗಳೂರಿನಲ್ಲಿ ಹಾಯಿಹಡಗು ಹತ್ತಿ, ಆಫ್ರಿಕಾದ ತುದಿಯನ್ನು ಬಳಸಿ ಯೂರೋಪಿಗೆ ಹೋಗುತ್ತಿತ್ತು. ತಿಂಗಳುಗಟ್ಟಲೆ ಪ್ರಯಾಣ. ಮರದ ಹಡಗಿನ ಹೊಟ್ಟೆಯಲ್ಲಿ ಕಡಲಿನ ತೇವ ಹೀರಿ ಬೀಜ ಉಬ್ಬಿ, ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತಿತ್ತು, ಹುಳಿ ತಗ್ಗುತ್ತಿತ್ತು. ನ್ಯಾಯವಾಗಿ ಅದು ಕೆಟ್ಟ ಸರಕು. ಆದರೆ ಅಲ್ಲಿಯವರ ನಾಲಗೆ ಅದಕ್ಕೇ ಒಗ್ಗಿಹೋಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು, ಪ್ರಯಾಣ ವಾರಗಳಿಗೆ ಇಳಿಯಿತು. ಕಾಫಿ ಹಸಿರಾಗಿಯೇ ತಲುಪತೊಡಗಿತು. ಗಿರಾಕಿಗಳು ‘ಹಳೆಯ ರುಚಿ ಇಲ್ಲ’ ಎಂದರು! ಕೊನೆಗೆ ಮಂಗಳೂರು ಕಡೆಯ ಕರಾವಳಿಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ, ಗೋಡೆ ತೆರೆದ ಗೋದಾಮುಗಳಲ್ಲಿ ಬೀಜವನ್ನು ಹರವಿ, ಕೆದಕಿ, ಆಮೇಲೆ ಸಡಿಲವಾಗಿ ಮೂಟೆ ಕಟ್ಟಿ ಸಾಲಾಗಿ ಜೋಡಿಸಿ, ಕಡಲಗಾಳಿ ಆಡುವಂತೆ ಇಟ್ಟು, ಹಡಗಿನ ಆ ರುಚಿಯನ್ನು ದಡದ ಮೇಲೇ ತಯಾರು ಮಾಡುವ ಪದ್ಧತಿ ಬಂತು. ಅದೇ ‘ಮಾನ್ಸೂನ್ಡ್ ಮಲಬಾರ್’. ಭೌಗೋಳಿಕ ಸೂಚಿಯ ಮಾನ್ಯತೆಯೂ ಅದಕ್ಕೆ ದೊರೆತಿದೆ. ಹಡಗು ಹೋಯಿತು, ಹಡಗಿನ ರುಚಿ ಉಳಿಯಿತು. ನುಡಿಗಟ್ಟು ಎಂಬುದೂ ಅಷ್ಟೇ ಅಲ್ಲವೇ? ‘ಮಾನ್ಸೂನ್’ ಎಂಬ ಮಾತೇ ಅರಬ್ಬೀ ನಾವಿಕರ ‘ಮೌಸಿಮ್’, ಅಂದರೆ ಋತು. ಪೋರ್ಚುಗೀಸರ ಕೈ ದಾಟಿ ಇಂಗ್ಲಿಷಿಗೆ ಬಂತು. ನಮ್ಮ ತೋಟದ ‘ಮೇಸ್ತ್ರಿ’ ಕೂಡ ಪೋರ್ಚುಗೀಸರ ಹಡಗಿನಿಂದ ಇಳಿದವನೇ, ಅವರ ‘ಮೆಸ್ತ್ರೆ’.

ಹಾಗಾದರೆ ನಮ್ಮ ಭಾಷೆಯಲ್ಲಿ ಏನಿದೆ? ಮಲೆನಾಡಿನವರಿಗೆ ಹಾಯಿ ಇಲ್ಲ, ಹೊಳೆ ಇದೆ. ಹೊಳೆಯ ದೋಣಿಗೆ ಗಾಳಿ ಮುಖ್ಯವಲ್ಲ. ಈಚೆ ದಡ, ಆಚೆ ದಡ, ನಡುವಿನ ಸೆಳವು, ದಾಟಿಸುವ ಅಂಬಿಗ, ಇಷ್ಟೇ. ಕನ್ನಡದ ಜಲಮಾರ್ಗದ ನುಡಿಗಟ್ಟುಗಳನ್ನು ಒಂದು ಕಡೆ ಕೂಡಿಹಾಕಿ ನೋಡಿ, ಬಹುಪಾಲು ದಾಟುವ ಮಾತುಗಳೇ. ಮಗಳ ಮದುವೆ ಮಾಡಿದ ತಂದೆ ‘ಅಂತೂ ದಡ ಸೇರಿದೆ’ ಎನ್ನುತ್ತಾನೆ. ಮಾತು ಕೊಟ್ಟು ತಪ್ಪಿಸಿಕೊಂಡವನು ‘ನಡುನೀರಿನಲ್ಲಿ ಕೈಬಿಟ್ಟ’. ಎರಡು ಪಕ್ಷಕ್ಕೂ ಸಲಾಮು ಹೊಡೆಯುವವನದು ‘ಎರಡು ದೋಣಿಯ ಮೇಲೆ ಕಾಲು’. ಕೆಲಸ ಮುಗಿದ ಮೇಲೆ ಮುಖ ತಿರುಗಿಸುವವನನ್ನು ಕಂಡರೆ, ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?’ ಗಾಳಿಯ ಗಾದೆ ನಮ್ಮಲ್ಲಿ ಇಲ್ಲವೆಂದಲ್ಲ. ‘ಗಾಳಿ ಬಂದಾಗ ತೂರಿಕೋ’ ಎನ್ನುತ್ತೇವೆ. ಆದರೆ ಅದು ಹಾಯಿಯ ಗಾಳಿಯಲ್ಲ, ಕಣದ ಗಾಳಿ, ಭತ್ತ ತೂರುವವನದು. ಇಂಗ್ಲಿಷಿನವನು ಗಾಳಿ ಕಂಡರೆ ಹಾಯಿ ಬಿಚ್ಚುತ್ತಾನೆ, ನಾವು ಮೊರ ಎತ್ತುತ್ತೇವೆ.

ಇವು ಕಣ್ಣಿಗೆ ಕಾಣುವ ದೋಣಿಗಳು. ಕಾಣದೆ ಕುಳಿತವು ಇನ್ನೂ ಹೆಚ್ಚು. ‘ಪಾರ’ ಎಂದರೆ ಸಂಸ್ಕೃತದಲ್ಲಿ ಆಚೆಯ ದಡ. ಅಪಾಯದಿಂದ ‘ಪಾರಾದೆ’ ಎಂದರೆ ಆಚೆ ದಡ ಮುಟ್ಟಿದೆ. ಸಂತೋಷಕ್ಕೆ ‘ಪಾರವೇ ಇಲ್ಲ’, ‘ಅಪಾರ’ ಸಂಪತ್ತು ಎಂದರೆ ಆಚೆ ದಡವೇ ಕಾಣದಷ್ಟು ಅಗಲ. ಸಂಗೀತದಲ್ಲಿ ‘ಪಾರಂಗತ’ನಾದವನು ಆಚೆ ದಡಕ್ಕೆ ಹೋಗಿ ನಿಂತವನು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯಲ್ಲಿ ಬರುವ ‘ಉತ್ತೀರ್ಣ’ ಎಂಬ ಪದವನ್ನು ಬಿಡಿಸಿದರೂ ಸಿಗುವುದು ‘ದಾಟಿದವನು’ ಎಂದೇ. ನಮ್ಮ ಮಗು ಹೊಳೆ ದಾಟಿತು. ಇಂಗ್ಲಿಷ್ ಮಗು ‘ವಿತ್ ಫ್ಲೈಯಿಂಗ್ ಕಲರ್ಸ್’ ಪಾಸಾದರೆ ಅದು ಬಾವುಟಗಳನ್ನು ಹಾರಿಸಿಕೊಂಡು ಬಂದರಿಗೆ ಬಂದ ಹಡಗು. ಇಬ್ಬರೂ ನೀರಿನಿಂದಲೇ ಬಂದರು.

‘ತೀರ್ಥ’ವೂ ಅದೇ ಧಾತುವಿನದು. ಬಟ್ಟಲಿನಲ್ಲಿ ಕೊಡುವ ಪವಿತ್ರ ಜಲವೆಂಬ ಅರ್ಥ ಆಮೇಲಿನದು, ಮೊದಲಿನ ಅರ್ಥ ಹೊಳೆಗೆ ಇಳಿಯುವ, ದಾಟುವ ಜಾಗ. ಕಳಸದಲ್ಲಿ ಭದ್ರೆಯ ಬದಿಗೆ ಪಂಚತೀರ್ಥಗಳಿವೆ. ಅವುಗಳಲ್ಲೊಂದಾದ ಅಂಬಾತೀರ್ಥದಲ್ಲಿ, ಮಧ್ವಾಚಾರ್ಯರು ತಂದಿಟ್ಟರೆಂದು ಪ್ರತೀತಿ ಇರುವ ದೊಡ್ಡ ಬಂಡೆಯನ್ನು ತಾವು ನೋಡಿರಬಹುದು. ಜೈನರ ‘ತೀರ್ಥಂಕರ’ ಎಂಬ ಪದದ ಅರ್ಥವಾದರೂ ಏನು? ಸಂಸಾರವೆಂಬ ಹೊಳೆಗೆ ದಾಟುವ ಜಾಗ ಮಾಡಿಕೊಟ್ಟವನು. ಘಟ್ಟದ ಮೇಲೆ ಕಳಸ, ಘಟ್ಟದ ಕೆಳಗೆ ಕಾರ್ಕಳ ಎಂದು ಎರಡನ್ನೂ ಸೇರಿಸಿ ಆಳಿದ ಭೈರರಸರು ಜೈನರೇ ಆಗಿದ್ದರು; 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ್ದು ಆ ಮನೆತನದ ವೀರಪಾಂಡ್ಯ. ಗಂಗಾಮೂಲದಲ್ಲಿ ಹುಟ್ಟಿ ಕಳಸ, ಬಾಳೆಹೊನ್ನೂರುಗಳನ್ನು ಬಳಸಿ ಹರಿಯುವ ಭದ್ರೆಯ ದಡದಲ್ಲಿ ಬೆಳೆದವರಿಗೆ ಈ ರೂಪಕ ತತ್ತ್ವಶಾಸ್ತ್ರವಲ್ಲ, ಮುಂಗಾರಿನ ಅನುಭವ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗಿ ಎಷ್ಟು ಸಲ ಸುದ್ದಿಯಾಗಿದೆ! 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು, ಮೂಡಿಗೆರೆ ಸೀಮೆಯ ಎಷ್ಟೋ ಮನೆಗಳು ದಿಕ್ಕಿಲ್ಲದೆ ನಿಂತಾಗ ‘ಈಚೆ ದಡ, ಆಚೆ ದಡ’ ಎಂಬುದು ಬರಿಯ ಮಾತಾಗಿರಲಿಲ್ಲ.

ಇಷ್ಟಾದರೂ ನಮ್ಮ ದೋಣಿಯ ಮಾತುಗಳೂ ದೋಣಿಯನ್ನು ಕಳೆದುಕೊಳ್ಳುತ್ತಿವೆ. ‘ಕಡವು’ ಎಂದರೆ ದೋಣಿ ದಾಟಿಸುವ ಜಾಗ. ಹಿರಿಯರಿಗೆ ಅದು ವಿಳಾಸವಿದ್ದ ಹಾಗೆ. ಇಂದಿನ ಹುಡುಗರನ್ನು ಕೇಳಿದರೆ ಮುಖ ನೋಡುತ್ತಾರೆ. ಸೇತುವೆಗಳು ಬಂದವು, ಕಾಲುದಾರಿಗೆ ತೂಗುಸೇತುವೆಗಳು ಬಂದವು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಮೊದಲ ತೂಗುಸೇತುವೆ ಕಟ್ಟಿ, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಶಾಲೆ ತಪ್ಪಿಸಿಕೊಳ್ಳುತ್ತಿದ್ದ ಮಕ್ಕಳನ್ನು ದಡ ಸೇರಿಸಿದ ಪುಣ್ಯ ಅದು, ದೋಣಿ ಹೋಯಿತೆಂದು ಯಾರೂ ಅಳಬೇಕಾಗಿಲ್ಲ. ಈಗ ಬಾಳೆಹೊನ್ನೂರಿನ ಕಡೆ ಭದ್ರೆಯ ಮೇಲೆ ತಲೆಗೆ ಶಿರಸ್ತ್ರಾಣ ಹಾಕಿ ಕೂಗುತ್ತ ಹೋಗುವವರನ್ನು ಕಂಡರೆ ಅವರು ರಬ್ಬರ್ ದೋಣಿಯ ಪ್ರವಾಸಿಗಳು. ಅವರಿಗೆ ಆಚೆ ದಡದಲ್ಲಿ ಕೆಲಸವಿಲ್ಲ. ಆದರೆ ಪಾರು, ಅಪಾರ, ನಡುನೀರು ಎಂದು ಬಳಸುವ ಮಗುವಿಗೆ ಅದರೊಳಗಿನ ಹೊಳೆಯನ್ನು ಒಮ್ಮೆಯಾದರೂ ತೋರಿಸಬೇಡವೇ? ಹಾಗೆ ತೋರಿಸಿದ ತರಗತಿಯಲ್ಲಿ ಇಂಗ್ಲಿಷಿನ ಹಾಯಿಯೂ ತಾನೇ ಅರ್ಥವಾಗುವುದನ್ನು ಕಂಡಿದ್ದೇನೆ.

ಕೆಲವು ಕಡೆ ಎರಡು ಭಾಷೆಗಳೂ ಒಂದೇ ದೋಣಿ ಹತ್ತುತ್ತವೆ. ನಮ್ಮ ಪತ್ರಿಕೆಗಳು ‘ಅಧಿಕಾರದ ಚುಕ್ಕಾಣಿ’ ಎಂದು ಬರೆಯುತ್ತವೆ. ‘ಚುಕ್ಕಾಣಿ’ ಅರಬ್ಬರ ‘ಸುಕ್ಕಾನ್’ ಎಂಬುದರಿಂದ ಬಂದದ್ದು. ಇಂಗ್ಲಿಷಿನ ‘ಗವರ್ನ್‌ಮೆಂಟ್’ ಮೂಲದಲ್ಲಿ ಗ್ರೀಕರ ಚುಕ್ಕಾಣಿ ನಡೆಸುವ ಕ್ರಿಯೆಯೇ. ಅದೇ ಗ್ರೀಕ್ ಬೇರಿನಿಂದ 1948ರಲ್ಲಿ ನಾರ್ಬರ್ಟ್ ವೀನರ್ ‘ಸೈಬರ್ನೆಟಿಕ್ಸ್’ ಎಂಬ ಪದವನ್ನು ರೂಢಿಗೆ ತಂದರು, ಅದರ ತುಂಡೇ ಇವತ್ತಿನ ‘ಸೈಬರ್’. ಪೊಲೀಸ್ ಠಾಣೆಯ ಸೈಬರ್ ವಿಭಾಗದ ಫಲಕದಲ್ಲೂ ಒಬ್ಬ ಹಳೆಯ ಅಂಬಿಗ ಕುಳಿತಿದ್ದಾನೆ. ‘ನಾವೆಲ್ಲ ಒಂದೇ ದೋಣಿಯಲ್ಲಿದ್ದೇವೆ’ ಎಂಬುದು ಇಂಗ್ಲಿಷಿನಿಂದ ಬಂದಿದ್ದರೂ ಕನ್ನಡಕ್ಕೆ ಹೊಂದಿಕೊಂಡಿತು, ಏಕೆಂದರೆ ದೋಣಿ ನಮಗೂ ಗೊತ್ತು. ಆದರೆ ‘ಅಂಡರ್ ದ ವೆದರ್’ ಎಂಬುದನ್ನು ಒಬ್ಬ ಅನುವಾದಕರು ‘ಹವಾಮಾನದ ಕೆಳಗೆ’ ಎಂದು ಬರೆದದ್ದನ್ನು ಓದಿದ್ದೇನೆ. ಮೈ ಸರಿಯಿಲ್ಲ ಎಂದರೆ ಮುಗಿಯಿತಲ್ಲ! ಮಲೆನಾಡಿನಲ್ಲಿ ಹವಾಮಾನದ ಕೆಳಗಿಲ್ಲದವರು ಯಾರಿದ್ದಾರೆ?

‘ಹೈ ಅಂಡ್ ಡ್ರೈ’ ಎಂಬುದು ನಾನು ತರಗತಿಯಲ್ಲಿ ಕೊನೆಗೆ ಇಟ್ಟುಕೊಳ್ಳುತ್ತಿದ್ದ ಮಾತು, ಏಕೆಂದರೆ ಅದಕ್ಕೆ ಕಡಲಿನ ಉಬ್ಬರವಿಳಿತ ಗೊತ್ತಿರಬೇಕು. ಉಬ್ಬರದಲ್ಲಿ ದಡಕ್ಕೆ ಬಂದ ಹಡಗು, ನೀರು ಇಳಿದುಹೋದಾಗ ಎತ್ತರದ ಒಣ ಮರಳಿನ ಮೇಲೆ ಅನಾಥವಾಗಿ ಉಳಿಯುತ್ತದೆ. ಎತ್ತಲೂ ಹೋಗುವಂತಿಲ್ಲ, ಯಾರೂ ಕೇಳುವವರಿಲ್ಲ. ಇದನ್ನು ವಿವರಿಸಿ, ನಿಮ್ಮ ಬದುಕಿನಿಂದ ಒಂದು ಉದಾಹರಣೆ ಕೊಡಿ ಎಂದೆ. ಬಣಕಲ್ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು ಹೇಳಿದಳು: “ಸಾರ್, ಕೊಟ್ಟಿಗೆಹಾರದಲ್ಲಿ ಕೊನೇ ಬಸ್ ತಪ್ಪಿದ ಹಾಗೆ. ಆದರೆ ನಮ್ಮ ಕಡೆ ಹೈ ಅಂಡ್ ಡ್ರೈ ಆಗಲ್ಲ ಸಾರ್, ಹೈ ಅಂಡ್ ವೆಟ್ ಆಗ್ತೀವಿ.” ಅದಕ್ಕೆ ಪೂರ್ತಿ ಅಂಕ ಕೊಟ್ಟೆ.